ಮೂರು ಮೀಟರ್ ದೂರದ ಮನುಷ್ಯ

ಕ್ಯಾಮೆರಾ ಕೈಗೆ ಬಂದ ಮೊದಲ ವಾರ ಹೆಚ್ಚುಕಡಿಮೆ ಎಲ್ಲರೂ ಹೂವಿನ ಫೋಟೋ ತೆಗೆಯುತ್ತಾರೆ. ಆಮೇಲೆ ಸೂರ್ಯಾಸ್ತ, ಆಮೇಲೆ ಮನೆಯ ಬೆಕ್ಕು, ಮಳೆಹನಿ ಕೂತ ಕೆಸುವಿನ ಎಲೆ. ತಪ್ಪೇನಿಲ್ಲ. ಹೂವು ಬೇಡ ಅನ್ನುವುದಿಲ್ಲ, ಸೂರ್ಯ ಯಾಕೆ ತೆಗೆದೆ ಎಂದು ಕೇಳುವುದಿಲ್ಲ. ಫಜೀತಿ ಶುರುವಾಗುವುದು ಕ್ಯಾಮೆರಾ ಮನುಷ್ಯರ ಕಡೆ ತಿರುಗಿದಾಗ. ಅದೂ ಗುರುತು ಪರಿಚಯವಿಲ್ಲದ ಮನುಷ್ಯರ ಕಡೆ: ತನ್ನ ಪಾಡಿಗೆ ಸೊಪ್ಪಿನ ಕಟ್ಟು ಬಿಚ್ಚುತ್ತಿರುವ ಹೆಂಗಸು, ಗಾಳಿಗೆ ಬೆನ್ನು ಮಾಡಿ ಬೀಡಿ ಹಚ್ಚುತ್ತಿರುವ ಹಮಾಲಿ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತ ಕಾಲೇಜು ಹುಡುಗಿ. ಇವರ ಮುಂದೆ ಕ್ಯಾಮೆರಾ ಎತ್ತಬೇಕೆಂದರೆ ಕೈ ಹಿಂಜರಿಯುತ್ತದೆ. ಬೈದರೆ? ಯಾಕೆ ಎಂದು ಕೇಳಿದರೆ?

ಆ ಹಿಂಜರಿಕೆ ಒಳ್ಳೆಯದು ಎಂದು ನನ್ನ ತರಗತಿಯಲ್ಲಿ ಮೊದಲೇ ಹೇಳಿಬಿಡುತ್ತೇನೆ. ಎದುರಿಗಿರುವವರಿಗೂ ಒಂದು ಮನಸ್ಸಿದೆ ಎಂಬ ಅರಿವು ನಿಮಗಿರುವುದರ ಗುರುತು ಅದು. ಅದನ್ನು ಪೂರ್ತಿ ಕಳೆದುಕೊಂಡವರ ಫೋಟೋಗಳಲ್ಲಿ ಏನೋ ಒಂದು ಒರಟುತನ ಕಾಣುತ್ತದೆ. ಹಾಗೆಂದು ಕ್ಯಾಮೆರಾ ಚೀಲದಿಂದ ಹೊರಗೇ ಬರದಿದ್ದರೂ ಆಗದು. ಈ ಎರಡರ ನಡುವೆ ದಾರಿ ಮಾಡಿಕೊಳ್ಳುವುದು ಹೇಗೆಂದು ಹೇಳುವುದಕ್ಕೇ ಈ ಲೇಖನ.

ಬೀದಿ ಛಾಯಾಗ್ರಹಣಕ್ಕೆ ದೊಡ್ಡ ವ್ಯಾಖ್ಯಾನವೇನೂ ಬೇಡ. ಮದುವೆ ಫೋಟೋದಲ್ಲಿ ಜನ ಕ್ಯಾಮೆರಾಕ್ಕೆಂದೇ ಸಾಲಾಗಿ ನಿಲ್ಲುತ್ತಾರೆ. ಪತ್ರಿಕೆಯ ಫೋಟೋಕ್ಕೆ ಏನಾದರೊಂದು ಘಟನೆ ಬೇಕು. ಬೀದಿಯ ಫೋಟೋಕ್ಕೆ ಎರಡೂ ಬೇಡ. ದಿನವೂ ನಡೆಯುವುದು ಇವತ್ತೂ ನಡೆಯುತ್ತಿರುತ್ತದೆ, ಅದರಲ್ಲೊಂದು ಗಳಿಗೆಯನ್ನು ನೀವು ಆರಿಸಿಕೊಳ್ಳುತ್ತೀರಿ. ಬೀದಿ ಎಂದರೆ ರಸ್ತೆಯೇ ಆಗಬೇಕಿಲ್ಲ. ಸಂತೆ, ಬಸ್ ನಿಲ್ದಾಣ, ಕ್ಷೌರದಂಗಡಿ, ಕೆರೆ ಏರಿ, ಹೋಟೆಲಿನ ಕೈತೊಳೆಯುವ ಜಾಗ ಎಲ್ಲವೂ ನಡೆಯುತ್ತದೆ. ಇದನ್ನು ಮಾಡುವವರಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರಿಗೆ ನೆರಳು, ಗೆರೆ, ಗೋಡೆಯ ಬಣ್ಣ ಮುಖ್ಯ. ಮನುಷ್ಯ ಅಲ್ಲಿ ಬೆಳಕಿನ ಪಟ್ಟಿಯೊಂದರಲ್ಲಿ ನಡೆದುಹೋಗುವ ಸಣ್ಣ ಕಪ್ಪು ಆಕೃತಿ. ಇನ್ನೊಬ್ಬರಿಗೆ ಮನುಷ್ಯನೇ ವಿಷಯ. ಮೊದಲನೆಯ ಬಗೆಯಲ್ಲೂ ಒಳ್ಳೆಯ ಕೆಲಸವಿದೆ. ಆದರೆ ನಾನು ಕಲಿಸುವುದು ಎರಡನೆಯದನ್ನು.

ಮನುಷ್ಯ ಮೊಟ್ಟಮೊದಲು ಫೋಟೋದಲ್ಲಿ ಸಿಕ್ಕಿದ್ದೇ ಬೀದಿಯಲ್ಲಿ. 1838ರಲ್ಲಿ ಲೂಯಿ ಡಾಗೇರ್ ಎಂಬ ಫ್ರೆಂಚ್ ಕಲಾವಿದ ಪ್ಯಾರಿಸ್ಸಿನ ಬುಲೆವಾರ್ ದು ತಾಂಪ್ಲ್ ಎಂಬ ರಸ್ತೆಯ ಚಿತ್ರವನ್ನು ಎತ್ತರದ ಕಿಟಕಿಯೊಂದರಿಂದ ತೆಗೆದ. ಆಗಿನ ಲೋಹದ ತಟ್ಟೆಯ ಮೇಲೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಜನರೂ ಗಾಡಿಗಳೂ ಓಡಾಡುತ್ತಿದ್ದ ರಸ್ತೆ ಅದು. ಓಡಾಡುತ್ತಿದ್ದರಿಂದಲೇ ಯಾರೊಬ್ಬರ ಗುರುತೂ ಉಳಿಯಲಿಲ್ಲ. ಚಿತ್ರದಲ್ಲಿ ರಸ್ತೆ ಬಿಕೋ ಎನ್ನುತ್ತದೆ. ಕೆಳಗೆ ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ ಕಾಲು ಮುಂದಿಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ. ನಿಂತೇ ಇದ್ದದ್ದರಿಂದ ಉಳಿದ. ಪಾಲಿಶ್ ಮಾಡುತ್ತಿದ್ದವನ ಆಕಾರವೂ ಮಸುಕಾಗಿ ಉಳಿಯಿತು. ಇಬ್ಬರೂ ಯಾರೆಂದು ಯಾರಿಗೂ ತಿಳಿಯದು. ಈ ಚಿತ್ರವನ್ನು ನಾನು ಹೊಸಬರಿಗೆ ತೋರಿಸುವುದಕ್ಕೆ ಇತಿಹಾಸ ಒಂದೇ ಕಾರಣವಲ್ಲ. ಬೀದಿಯಲ್ಲಿ ಒಂದೇ ಕಡೆ ನಿಂತು ಮಾಡುವ ಕೆಲಸಗಳು ಎಷ್ಟಿವೆ ನೋಡಿ: ಚಪ್ಪಲಿ ಹೊಲಿಯುವುದು, ಇಸ್ತ್ರಿ ಹಾಕುವುದು, ಹೂ ಕಟ್ಟುವುದು, ಪಂಕ್ಚರ್ ಹಾಕುವುದು, ಚಹಾ ಸೋಸುವುದು. ಕಲಿಯುವವರಿಗೆ ಈ ಕೆಲಸ ಮಾಡುವವರೇ ಮೊದಲ ಪಾಠ. ಎಲ್ಲಿಗೂ ಓಡಿಹೋಗುವುದಿಲ್ಲ, ಕೈ ಸುಮ್ಮನಿರುವುದಿಲ್ಲ, ಗಿರಾಕಿಗಳೊಂದಿಗೆ ಮಾತಾಡುತ್ತಲೇ ಇರುತ್ತಾರೆ.

ಓಡಾಡುವವರನ್ನು ಹಿಡಿಯಲು ಸಣ್ಣ ಕ್ಯಾಮೆರಾ ಬರಬೇಕಾಯಿತು. 1925ರಲ್ಲಿ ಜರ್ಮನಿಯಲ್ಲಿ ಲೈಕಾ ಮಾರುಕಟ್ಟೆಗೆ ಬಂತು. ಸಿನಿಮಾಕ್ಕೆ ಬಳಸುವ 35 ಮಿ.ಮೀ. ಫಿಲ್ಮ್, ಒಂದು ಸುರುಳಿಗೆ 36 ಚಿತ್ರ, ಕೋಟಿನ ಜೇಬಿನಲ್ಲಿ ಹಿಡಿಸುವ ಗಾತ್ರ. ಇದನ್ನು ಹಿಡಿದು ಬೀದಿಗಿಳಿದವರಲ್ಲಿ ಎಲ್ಲರಿಗಿಂತ ಹೆಸರಾದವರು ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋ. ಹೆಚ್ಚಿನ ಕೆಲಸವನ್ನೆಲ್ಲ ಒಂದೇ 50 ಮಿ.ಮೀ. ಲೆನ್ಸಿನಲ್ಲಿ ಮಾಡಿದರು. ಕ್ಯಾಮೆರಾದ ಹೊಳೆಯುವ ಭಾಗಗಳು ಜನರ ಕಣ್ಣಿಗೆ ಹೊಡೆಯದಿರಲೆಂದು ಕಪ್ಪು ಟೇಪು ಸುತ್ತುತ್ತಿದ್ದರು. 1952ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಹೆಸರಿನಿಂದಾಗಿ ‘ನಿರ್ಣಾಯಕ ಕ್ಷಣ’ ಎಂಬ ಮಾತು ಎಲ್ಲರ ಬಾಯಿಗೂ ಬಂತು. ಇದನ್ನು ಕೇಳಿದ ಹೊಸಬರು ಬೀದಿ ಫೋಟೋ ಎಂದರೆ ಮಿಂಚಿನ ವೇಗದಲ್ಲಿ ಬೆರಳಾಡಿಸುವುದು ಎಂದುಕೊಳ್ಳುತ್ತಾರೆ. 1932ರಲ್ಲಿ ಅವರು ಇಯೇರ್ ಪಟ್ಟಣದಲ್ಲಿ ತೆಗೆದ ಸೈಕಲ್ ಸವಾರನ ಚಿತ್ರ ನೋಡಿ. ಸುರುಳಿಯಾಗಿ ಇಳಿಯುವ ಮೆಟ್ಟಿಲು, ಅದರ ಕಂಬಿ, ಕೆಳಗೆ ತಿರುವಿನ ರಸ್ತೆ. ಚೌಕಟ್ಟು ಮೊದಲೇ ಸಿದ್ಧವಾಗಿತ್ತು, ಸೈಕಲ್ಲು ಮಾತ್ರ ಬರಬೇಕಿತ್ತು ಎಂದು ಚಿತ್ರವೇ ಹೇಳುತ್ತದೆ. ವೇಗಕ್ಕಿಂತ ಕಾಯುವುದೇ ಅಲ್ಲಿ ಹೆಚ್ಚು.

ನಮ್ಮವರ ಮಾತಿಗೆ ಬರೋಣ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡದೆ ಕನ್ನಡನಾಡಿನಲ್ಲಿ ಯಾರೂ ಈ ಕಲೆಗೆ ಇಳಿಯಬಾರದು ಎಂಬುದು ನನ್ನ ಹಟ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಡೆಕ್ಕನ್ ಹೆರಾಲ್ಡ್ ಪತ್ರಿಕೆ 1948ರಲ್ಲಿ ಶುರುವಾದಾಗ ಅದರ ಛಾಯಾಗ್ರಾಹಕರಾದರು. ಆಮೇಲೆ ಇಲಸ್ಟ್ರೇಟೆಡ್ ವೀಕ್ಲಿ, ಅಲ್ಲಿಂದ ಮುಂದೆ ಸ್ವತಂತ್ರವಾಗಿ ದುಡಿಮೆ. ಲೈಫ್, ಟೈಮ್, ನ್ಯೂಸ್‌ವೀಕ್‌ಗಳಲ್ಲಿ ಅವರ ಚಿತ್ರಗಳು ಬಂದವು. 1961ರ ಗೋವಾ ವಿಮೋಚನೆಯನ್ನು ಚಿತ್ರಿಸಿದರು, ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ದಾಖಲಿಸಿದರು. 1977ರಲ್ಲಿ ಪದ್ಮಶ್ರೀ ಬಂತು. ಪ್ರಧಾನಿಗಳನ್ನೂ ಮಹಾರಾಜರನ್ನೂ ತೆಗೆದವರೇ. ಆದರೂ ಅವರ ಹೆಸರು ಹೇಳಿದರೆ ಕಣ್ಣ ಮುಂದೆ ಬರುವುದು ಸಾಮಾನ್ಯ ಜನ, ಅದರಲ್ಲೂ ಮಕ್ಕಳು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ಯುನಿಸೆಫ್ ನೆರವಿನಿಂದ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು.

ಸತ್ಯನ್ ಅವರ ಮಕ್ಕಳು ಬಡವರಿರಬಹುದು, ಆದರೆ ಅವರು ನಮ್ಮ ಮರುಕಕ್ಕಾಗಿ ಅಲ್ಲಿಲ್ಲ. ಆಟದಲ್ಲಿ, ನಗುವಿನಲ್ಲಿ, ತಮ್ಮತಮ್ಮಲ್ಲೇ ಮುಳುಗಿರುತ್ತಾರೆ. ಛಾಯಾಗ್ರಾಹಕ ಅವರಿಗೆ ಹೊರಗಿನವನಾಗಿ ಕಾಣುವುದನ್ನು ನಿಲ್ಲಿಸುವಷ್ಟು ಹೊತ್ತು ಅಲ್ಲಿ ಕಳೆದಿದ್ದಾನೆ ಎಂಬುದು ಒಂದೊಂದು ಚಿತ್ರದಲ್ಲೂ ತಿಳಿಯುತ್ತದೆ. ಅವರ ಕನ್ನಡ ಆತ್ಮಕಥನ ‘ಕಾಲಕ್ಕೆ ಕನ್ನಡಿ’ ಓದಿದರೆ ಇನ್ನೊಂದು ಗುಟ್ಟು ತಿಳಿಯುತ್ತದೆ: ಮನುಷ್ಯ ಮಾತುಗಾರ. ಜನರ ಕತೆಗಳಲ್ಲಿ ಆಸಕ್ತಿ ಇದ್ದವರು. ಆರ್.ಕೆ. ನಾರಾಯಣ್ ಅವರ ಗೆಳೆಯರಾಗಿದ್ದದ್ದು ಆಕಸ್ಮಿಕವೇನಲ್ಲ. ನೀವು ಕೊಂಡುಕೊಳ್ಳುವ ಯಾವ ಲೆನ್ಸೂ ಆ ಆಸಕ್ತಿಯನ್ನು ಕೊಡಲಾರದು. ಆದರೆ ಆಸಕ್ತಿ ಇದ್ದರೆ ಉಳಿದದ್ದನ್ನು ಕಲಿಸಬಹುದು.

ಹಾಗಾದರೆ ಕ್ಯಾಮೆರಾ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಯಾರ ಕಿವಿಗೂ ಹೋಗುವುದಿಲ್ಲ. ಈಗ ಕೈಯಲ್ಲಿರುವ ಮೊಬೈಲ್ ಸಾಕು. ಅದರ ಗಾಜನ್ನು ಅಂಗಿಯ ಅಂಚಿನಿಂದ ಒರೆಸಿ, ಅರ್ಧ ಮಬ್ಬು ಅಲ್ಲೇ ಹೋಗುತ್ತದೆ. ಎರಡು ಬೆರಳಿನಿಂದ ಜೂಮ್ ಮಾಡುವ ಚಾಳಿ ಬಿಡಿ. ಹಿನ್ನೆಲೆಯನ್ನು ಮಸುಕಾಗಿಸುವ ‘ಪೋರ್ಟ್ರೇಟ್’ ಮೋಡ್ ಬೇಡ. ಇಸ್ತ್ರಿ ಮಾಡುವವನ ಹಿಂದಿನ ದೇವರ ಪಟ, ಗೋಡೆಗೆ ಸಿಕ್ಕಿಸಿದ ಬಿಲ್ಲು, ನೇತಾಡುವ ಶಾಲೆ ಸಮವಸ್ತ್ರ ಎಲ್ಲ ಸೇರಿಯೇ ಅವನ ಚಿತ್ರ ಆಗುವುದು. ಮುಖದ ಮೇಲೆ ಬೆರಳೊತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲಿಗೇ ನಿಲ್ಲುತ್ತವೆ. ಪಕ್ಕದ ವಾಲ್ಯೂಮ್ ಗುಂಡಿ ಒತ್ತಿದರೆ ಎಷ್ಟೋ ಫೋನುಗಳಲ್ಲಿ ಫೋಟೋ ಬೀಳುತ್ತದೆ, ಪರದೆ ತಡಕಾಡಬೇಕಿಲ್ಲ.

ದೊಡ್ಡ ಕ್ಯಾಮೆರಾ ಇರುವವರಿಗೆ ಒಂದೇ ಒಂದು ಸೂತ್ರ. 35 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ ಎಫ್/8ಕ್ಕೆ, ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕೆ ಇಡಿ, ಐಎಸ್‌ಒ ಅನ್ನು ಕ್ಯಾಮೆರಾಕ್ಕೇ ಬಿಡಿ. ಫೋಕಸ್ಸನ್ನು ಕೈಯಾರೆ 3 ಮೀಟರಿಗೆ ಕೂಡಿಸಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಆಗ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಕ್ಯಾಮೆರಾ ಎತ್ತಿದ ಮೇಲೆ ಫೋಕಸ್ ಹುಡುಕುವ ಕೆಲಸವೇ ಇಲ್ಲ. ನಡೆಯುವವರ ಕಾಲು ಕೂಡ ಅಲುಗಿದಂತೆ ಕಾಣುವುದಿಲ್ಲ.

ಈ 3 ಮೀಟರನ್ನು ನಾನು ಫೋಕಸ್ಸಿಗಾಗಿ ಮಾತ್ರ ಹೇಳುತ್ತಿಲ್ಲ. ಅದು ಮಾತಿಗೆ ಸಿಗುವ ದೂರ. ಎದುರಿನವರು “ಏನ್ ಸಾರ್?” ಎಂದರೆ ಕೇಳಿಸುತ್ತದೆ, ನೀವು ನಕ್ಕರೆ ಅವರಿಗೆ ಕಾಣುತ್ತದೆ. ರಸ್ತೆಯಾಚೆಯಿಂದ 200 ಮಿ.ಮೀ. ಜೂಮ್ ಹಾಕಿ ತೆಗೆದ ಚಿತ್ರದಲ್ಲಿ ಮುಖ ದೊಡ್ಡದಾಗಿ ಬರಬಹುದು, ಆದರೆ ನೋಡುವವನು ಕದ್ದು ನೋಡುತ್ತಿದ್ದಾನೆ ಎಂಬುದೂ ಅದರೊಂದಿಗೆ ಬಂದುಬಿಡುತ್ತದೆ. ಜೂಮ್ ಬಳಸುವವರು ನನ್ನ ಮಾತಿಗೆ ಸಿಟ್ಟಾಗುತ್ತಾರೆ. ಆಗಲಿ.

ಇನ್ನು ಜಾಗ. ಹೊಸಬರು ಒಂದೇ ಬೆಳಿಗ್ಗೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಅವೆನ್ಯೂ ರಸ್ತೆ, ಗಾಂಧಿ ಬಜಾರ್ ಎಲ್ಲ ಸುತ್ತಿ ಬರುತ್ತಾರೆ. ಕಾರ್ಡಿನ ತುಂಬ ಫೋಟೋ ಇರುತ್ತವೆ, ಒಂದರಲ್ಲೂ ಯಾರೂ ಇರುವುದಿಲ್ಲ, ಬೆನ್ನುಗಳಿರುತ್ತವೆ. ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರವನ್ನು ಮೇಲಿನ ಅಂತಸ್ತಿನಿಂದ ಬಗ್ಗಿ ತೆಗೆಯುವ ಚಿತ್ರ ಈಗ ಎಲ್ಲರ ಬಳಿಯೂ ಇದೆ. ಚೆಂಡುಹೂವಿನ ಕೆಂಪು ಹಳದಿ ರಾಶಿ, ನಡುವೆ ತಲೆಗಳು. ಚೆಂದವೇ. ಮೈಸೂರಿನ ದೇವರಾಜ ಮಾರುಕಟ್ಟೆಯ ಅರಿಶಿನ ಕುಂಕುಮದ ಗೋಪುರಗಳದ್ದೂ ಅದೇ ಕತೆ. ಬಂದವರೆಲ್ಲ ರಾಶಿಯನ್ನು ಎಷ್ಟು ಜೋಪಾನವಾಗಿ ತೆಗೆಯುತ್ತಾರೆಂದರೆ, ಅದರ ಹಿಂದೆ ಕೂತವನು ಕತ್ತಿನವರೆಗೆ ಮಾತ್ರ ಫೋಟೋದಲ್ಲಿರುತ್ತಾನೆ. ಬೆಳಿಗ್ಗೆಯೆದ್ದು ಆ ರಾಶಿಯನ್ನು ಅಷ್ಟು ಚೂಪಾಗಿ ಕಟ್ಟಿದವನು ಅವನೇ ಅಲ್ಲವೆ? ಕೆಳಗಿಳಿಯಿರಿ. ರಾಶಿಯ ಹಿಂದಿನ ಮನುಷ್ಯನಿಂದ ಶುರುಮಾಡಿ.

ನನ್ನ ಸಲಹೆ ಇಷ್ಟೆ: ನಿಮ್ಮ ಮನೆಗೆ ಹತ್ತಿರದ ಒಂದೇ ಒಂದು ಮೂಲೆ ಆರಿಸಿಕೊಳ್ಳಿ. ಹೆಸರಾಂತ ಜಾಗ ಆಗಬೇಕಿಲ್ಲ. ಒಂದು ಟೀ ಅಂಗಡಿ, ಪಕ್ಕದಲ್ಲಿ ತಳ್ಳುಗಾಡಿ, ಎದುರಿಗೆ ಆಟೋ ನಿಲ್ದಾಣ ಇದ್ದರೆ ಒಂದು ವರ್ಷಕ್ಕಾಗುವಷ್ಟು ಪಾಠ ಅಲ್ಲಿದೆ. ಬೇರೆಬೇರೆ ಹೊತ್ತಿನಲ್ಲಿ ಹೋಗಿ. ಮೊದಮೊದಲು ಕ್ಯಾಮೆರಾ ಕೊರಳಲ್ಲೇ ಇರಲಿ, ಟೀ ಕುಡಿಯಿರಿ, ಸೊಪ್ಪು ಕೊಳ್ಳಿ. ಯಾರು ಯಾರನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಯಾರಿಗೆ ಯಾರ ಮೇಲೆ ಮುನಿಸು, ಶಾಲೆ ಬಿಟ್ಟ ಮಕ್ಕಳು ಯಾವ ಅಂಗಡಿಗೆ ನುಗ್ಗುತ್ತಾರೆ, ಇವೆಲ್ಲ ತಿಳಿಯತೊಡಗುತ್ತವೆ. ಮುಂದೆ ಏನಾಗಲಿದೆ ಎಂದು ಊಹಿಸಲು ಬರುವುದು ಇದರಿಂದ. ಆಟೋದವರು ಇಬ್ಬರು ಎದುರುಬದುರಾದರೆ ಒಬ್ಬ ಇನ್ನೊಬ್ಬನ ಕಿವಿ ಹಿಂಡುತ್ತಾನೆ ಎಂದು ನಿಮಗೆ ಗೊತ್ತಿದ್ದರೆ, ಕಿವಿ ಹಿಂಡುವಾಗ ನಿಮ್ಮ ಕ್ಯಾಮೆರಾ ಕಣ್ಣಿಗೇ ಇರುತ್ತದೆ.

ಬೆಳಕಿನ ಬಗ್ಗೆ ಸ್ವಲ್ಪ. ನಮ್ಮ ಕಡೆ ಬೇಸಿಗೆಯಲ್ಲಿ ಹತ್ತು ಗಂಟೆಯಿಂದ ಮೂರೂವರೆ ನಾಲ್ಕರವರೆಗೆ ಬಿಸಿಲು ನೆತ್ತಿಯ ಮೇಲಿರುತ್ತದೆ. ಆಗ ಹಣೆ, ಮೂಗು ಬೆಳ್ಳಗೆ ಸುಟ್ಟು, ಕಣ್ಣುಗಳು ಕಪ್ಪು ಗುಳಿಗಳಾಗಿ ಬರುತ್ತವೆ. ಮನೆಗೆ ಹೋಗಬೇಕಿಲ್ಲ, ಟಾರ್ಪಾಲಿನ ಕೆಳಗೆ ಬನ್ನಿ. ಚಪ್ಪರದಡಿ, ಅಂಗಡಿಯ ಸೂರಿನಡಿ ನೆರಳಿದ್ದು, ಎದುರಿನ ರಸ್ತೆಯಿಂದಲೋ ಸುಣ್ಣದ ಗೋಡೆಯಿಂದಲೋ ಪ್ರತಿಫಲಿಸಿದ ಬೆಳಕು ಮುಖಕ್ಕೆ ಬೀಳುತ್ತಿರುತ್ತದೆ. ಸ್ಟುಡಿಯೋದವರು ಛತ್ರಿ, ದೀಪ ಇಟ್ಟು ಮಾಡುವ ಕೆಲಸವನ್ನು ಅಲ್ಲಿ ರಸ್ತೆಯೇ ಮಾಡಿಕೊಡುತ್ತದೆ. ನೀಲಿ ಟಾರ್ಪಾಲು ಮಾತ್ರ ಎಲ್ಲರ ಮುಖವನ್ನೂ ನೀಲಿ ಮಾಡುತ್ತದೆ. ಆ ಚಿತ್ರಗಳನ್ನು ಕಪ್ಪುಬಿಳುಪಿಗೆ ತಿರುಗಿಸಿದರೆ ಆಯಿತು. ಹಾಗೆಂದು ಎಲ್ಲವನ್ನೂ ಕಪ್ಪುಬಿಳುಪು ಮಾಡಿ ಗಾಂಭೀರ್ಯ ತರಿಸುವುದು ಬೇಡ. ಜೈಪುರದಲ್ಲಿ ಹುಟ್ಟಿದ ರಘುಬೀರ್ ಸಿಂಗ್ ಜೀವನವಿಡೀ ಭಾರತದ ಬೀದಿಗಳನ್ನು ಬಣ್ಣದಲ್ಲೇ ತೆಗೆದರು, ಇಲ್ಲಿಯ ಬದುಕನ್ನು ಬಣ್ಣದಿಂದ ಬೇರೆ ಮಾಡಲಾಗದೆಂದು ವಾದಿಸಿದರು. ನನಗೂ ಹೆಚ್ಚುಕಡಿಮೆ ಹಾಗೇ ಅನ್ನಿಸುತ್ತದೆ.

ಈಗ ಎಲ್ಲರೂ ಹೆದರುವ ಭಾಗಕ್ಕೆ ಬಂದೆವು: ಕೇಳುವುದು. ಕೇಳಿ ತೆಗೆಯಬೇಕೆ, ಕೇಳದೆ ತೆಗೆಯಬೇಕೆ? ಎರಡೂ ಇವೆ. ಕಲಿಯುವವರು ಕೇಳುವುದರಿಂದ ಶುರುಮಾಡಿದರೆ ಭಯ ಬೇಗ ಬಿಡುತ್ತದೆ. ವ್ಯಾಪಾರಿಗಳ ಬಳಿ ಬೋಣಿಗೆ ಮೊದಲು ಹೋಗಬೇಡಿ. ದಿನದ ಮೊದಲ ಗಿರಾಕಿ ದುಡ್ಡಿಲ್ಲದೆ ಫೋಟೋ ಕೇಳಿಕೊಂಡು ಬಂದರೆ ಯಾರಿಗೆ ತಾನೆ ಹಿತವಾದೀತು? ಗಿರಾಕಿ ಇಲ್ಲದ ಹೊತ್ತು ನೋಡಿ, ಕ್ಯಾಮೆರಾ ಕೆಳಗಿಟ್ಟುಕೊಂಡೇ ಮಾತಾಡಿಸಿ. “ಅಣ್ಣಾ, ನೀವು ಹೂ ಕಟ್ತಿರೋದು ಒಂದ್ ಫೋಟೋ ತೆಗೀಲಾ?” ಹುಬ್ಬಳ್ಳಿ ಕಡೆಯಾದರೆ, “ಅಣ್ಣಾರ, ಒಂದ್ ಫೋಟೋ ತಗೀಲೇನ್ರಿ?” ಮೊದಲ ಪ್ರಶ್ನೆ ಬಂದೇ ಬರುತ್ತದೆ: “ಯಾವ್ ಪೇಪರ್‌ನೋರು?” ಸುಳ್ಳು ಹೇಳಬೇಡಿ. ಕಲೀತಾ ಇದೀನಿ ಅಂದರೆ ಸಾಕು. ಕಲಿಯುವವರಿಗೆ ನಮ್ಮ ಜನ ಇಲ್ಲವೆನ್ನುವುದು ಕಡಿಮೆ. ಬೇಡ ಎಂದರೆ ಕಾರಣ ಕೇಳದೆ “ಆಯ್ತು ಬಿಡಿ” ಎಂದು ಅಲ್ಲೇ ಎರಡು ನಿಮಿಷ ಬೇರೆ ಮಾತಾಡಿ. ಬೇಡ ಎಂದ ತಕ್ಷಣ ಬೆನ್ನು ತಿರುಗಿಸಿ ಹೋದರೆ, ನೀವು ಬಂದದ್ದು ಫೋಟೋಕ್ಕೆ ಮಾತ್ರ ಎಂದಾಗುತ್ತದೆ.

ಒಪ್ಪಿದರು ಎನ್ನೋಣ. ಆಗ ಏನಾಗುತ್ತದೆ? ಹೂ ಕಟ್ಟುವ ಅಣ್ಣ ಹೂವನ್ನು ಪಕ್ಕಕ್ಕಿಡುತ್ತಾನೆ. ಅಂಗಿ ಎಳೆದುಕೊಳ್ಳುತ್ತಾನೆ, ತಲೆ ಬಾಚಿಕೊಳ್ಳುತ್ತಾನೆ, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು ಆಧಾರ್ ಕಾರ್ಡಿಗೆ ನಿಂತ ಹಾಗೆ ನಿಲ್ಲುತ್ತಾನೆ. ನೀವು ಕಂಡು ಬೆರಗಾದದ್ದೆಲ್ಲ ಮಾಯ. ಹೊಸಬರು ಇಲ್ಲಿ ಸೋತುಬಿಡುತ್ತಾರೆ. “ನ್ಯಾಚುರಲ್ ಆಗಿರಿ, ಕೆಲಸ ಮಾಡ್ತಾ ಇರಿ” ಎಂದು ನಿರ್ದೇಶಕರಾಗುತ್ತಾರೆ. ಅದು ಬೇಡ. ಅವನು ನಿಂತ ಆ ಫೋಟೋವನ್ನು ಮನಸ್ಸಿಟ್ಟು ತೆಗೆಯಿರಿ. ಅದು ಅವನ ಫೋಟೋ, ಲೋಕಕ್ಕೆ ತಾನು ಹೀಗೆ ಕಾಣಬೇಕೆಂದು ಅವನೇ ಆರಿಸಿಕೊಂಡದ್ದು. ತೋರಿಸಿ. ಅಕ್ಕಪಕ್ಕದವರು ಬಂದು ಇಣುಕುತ್ತಾರೆ, ರೇಗಿಸುತ್ತಾರೆ. ನೀವು ಅಲ್ಲಿಂದ ಹೊರಡಬೇಡಿ. ಸ್ವಲ್ಪ ಹೊತ್ತಿಗೆ ಗಿರಾಕಿಯೊಬ್ಬಳು ಬರುತ್ತಾಳೆ, “ಮೊಳ ಎಷ್ಟಪ್ಪಾ?” ಎನ್ನುತ್ತಾಳೆ, ಚೌಕಾಸಿ ಶುರುವಾಗುತ್ತದೆ. ಅವನು ಹೂವನ್ನು ಮೊಳಕೈಗೆ ಅಳೆದು, ಅವಳು “ಇನ್ನೊಂಚೂರು ಬಿಡು” ಎಂದು ಕೈಚಾಚಿ, ಅವನು ತಲೆಯಾಡಿಸಿ ನಗುವಾಗ ನಿಮ್ಮನ್ನು ಅವನು ಮರೆತಿರುತ್ತಾನೆ. ಒಪ್ಪಿಗೆಯೂ ಇದೆ, ಮರೆವೂ ಇದೆ. ನಾನು ಇಷ್ಟುದ್ದಕ್ಕೂ ಹೇಳುತ್ತಿರುವ ಬಗೆಯ ಚಿತ್ರ ಬಹುಮಟ್ಟಿಗೆ ಆ ಹೊತ್ತಿನಲ್ಲಿ ಸಿಗುತ್ತದೆ.

ಕೇಳದೆ ತೆಗೆದವರ ಪರಂಪರೆಯೂ ದೊಡ್ಡದೇ. ನ್ಯೂಯಾರ್ಕಿನ ಹೆಲೆನ್ ಲೆವಿಟ್ 1930ರ ದಶಕದ ಕೊನೆಯಿಂದ ಹಾರ್ಲೆಮ್‌ನಂಥ ಬಡ ಬಡಾವಣೆಗಳ ಮಕ್ಕಳನ್ನು ತೆಗೆದರು. ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆಯುವವರು, ಮುಖವಾಡ ಹಾಕಿ ಮೆಟ್ಟಿಲ ಮೇಲೆ ನಿಂತವರು. ನೋಡುವುದು ಒಂದು ಕಡೆ, ಕ್ಯಾಮೆರಾ ತೆಗೆಯುವುದು ಇನ್ನೊಂದು ಕಡೆ ಎಂಬಂಥ ಅಡ್ಡ ಕನ್ನಡಿಯ ವ್ಯೂಫೈಂಡರ್ ಅವರ ಲೈಕಾಕ್ಕಿತ್ತು. ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸದಲ್ಲಿದ್ದ ವಿವಿಯನ್ ಮಾಯರ್ ಎದೆ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ರೋಲಿಫ್ಲೆಕ್ಸ್ ಬಳಸುತ್ತಿದ್ದರು. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಯಾರಿಗೂ ತೋರಿಸದೆ ಇಟ್ಟಿದ್ದರು. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದ ಮೇಲೆಯೇ ಲೋಕಕ್ಕೆ ಗೊತ್ತಾದದ್ದು. ವಾಕರ್ ಎವನ್ಸ್ ಅಂತೂ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ ನ್ಯೂಯಾರ್ಕಿನ ಸುರಂಗ ರೈಲಿನ ಪ್ರಯಾಣಿಕರನ್ನು ತೆಗೆದರು. 1941ಕ್ಕೆ ಮುಗಿದ ಆ ಚಿತ್ರಗಳನ್ನು ಪುಸ್ತಕವಾಗಿ ಹೊರತಂದದ್ದು 1966ರಲ್ಲಿ. ಲೆವಿಟ್ ಮತ್ತು ಮಾಯರ್ ನನಗೆ ಆಪ್ತರು. ಎವನ್ಸ್ ಚಿತ್ರಗಳು ಅಪೂರ್ವವೇ, ಆದರೆ ಅಡಗಿಸಿದ ಕ್ಯಾಮೆರಾವನ್ನು ನಾನು ಕಲಿಸುವುದಿಲ್ಲ. ಕ್ಯಾಮೆರಾ ಕಾಣುವಂತಿರಲಿ. ತೆಗೆದ ಮೇಲೆ ಕಣ್ಣು ಕಲೆತರೆ ತಲೆಬಾಗಿ ನಗಿ, ಹತ್ತಿರ ಹೋಗಿ ತೋರಿಸಿ. ಅಳಿಸು ಎಂದರೆ ಅವರೆದುರೇ ಅಳಿಸಿ.

ಏನನ್ನು ನೋಡಬೇಕು ಎಂದು ಕೇಳುತ್ತಾರೆ. ಎಲ್ಲರೂ ಮೊದಲು ಹುಡುಕುವುದು ಸುಕ್ಕುಗಟ್ಟಿದ ಮುದುಕರ ಮುಖ. ಬಿಳಿ ಮೀಸೆ, ಕೆಂಪು ರುಮಾಲು, ಆಳದ ಕಣ್ಣು. ಪ್ರದರ್ಶನಗಳ ಗೋಡೆಗಳೆಲ್ಲ ಈ ಅಜ್ಜಂದಿರಿಂದ ತುಂಬಿವೆ. ಅಜ್ಜನಿಗೆ ಹೆಸರಿಲ್ಲ, ಊರಿಲ್ಲ, ಕೆಲಸವಿಲ್ಲ, ಸುಕ್ಕು ಮಾತ್ರ ಇದೆ. ಅದರ ಬದಲು ಇಬ್ಬರ ನಡುವೆ ನಡೆಯುವುದನ್ನು ನೋಡಿ. ಚಿಲ್ಲರೆ ಎಣಿಸಿ ಕೊಡುವ ಕೈ ಮತ್ತು ನಂಬದೆ ಮತ್ತೆ ಎಣಿಸುವ ಕೈ. ಮಗಳ ಜಡೆ ಬಿಗಿಯುತ್ತ ಬಸ್ಸಿನ ಬೋರ್ಡು ಓದುವ ತಾಯಿ. ಕ್ಷೌರದ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತವನು, ಅವನ ಗಂಟಲ ಮೇಲೆ ಕತ್ತಿ ಹಿಡಿದೇ ಟಿವಿಯ ಕ್ರಿಕೆಟ್ಟಿಗೆ ಕತ್ತು ತಿರುಗಿಸಿದ ಕ್ಷೌರಿಕ. ಎರಡು ಮುಖ, ಅಥವಾ ಒಂದು ಮುಖ ಮತ್ತು ಒಂದು ಕೈ, ಅವುಗಳ ನಡುವೆ ಏನೋ ಒಂದು ದಾಟುತ್ತಿರಬೇಕು. ಹಾಗೆ ನೋಡುತ್ತಿರುವಾಗಲೇ ಫ್ರೇಮಿನ ನಾಲ್ಕು ಅಂಚುಗಳ ಮೇಲೂ ಒಮ್ಮೆ ಕಣ್ಣಾಡಿಸಿ. ತಲೆಯ ಮೇಲಿಂದ ಕಂಬ ಎದ್ದಿದೆಯೇ, ಪಕ್ಕದಲ್ಲಿ ಅರ್ಧ ಸ್ಕೂಟರ್ ನುಗ್ಗಿದೆಯೇ. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಇಟ್ಟರೆ ಹೆಚ್ಚಿನ ಗಲೀಜು ಹೋಗುತ್ತದೆ. ಮಕ್ಕಳನ್ನು, ನೆಲದಲ್ಲಿ ಕೂತವರನ್ನು ತೆಗೆಯುವಾಗ ನೀವೂ ಕುಕ್ಕರುಗಾಲಲ್ಲಿ ಕೂರಿ. ಮೇಲಿಂದ ತೆಗೆದರೆ ಎಲ್ಲರೂ ಬೇಡುವವರ ಹಾಗೆ ಕಾಣುತ್ತಾರೆ.

ಬೇಡುವವರ ಮಾತು ಬಂತು. ನಿದ್ದೆಯಲ್ಲಿರುವವರು, ಕುಡಿದು ಬಿದ್ದವರು, ಅಳುತ್ತಿರುವವರು, ಆಸ್ಪತ್ರೆಯ ಬಾಗಿಲಲ್ಲಿ ಕುಸಿದು ಕೂತವರು ಇವರಿಗೆ ಬೇಡ ಎನ್ನುವ ಸ್ಥಿತಿಯೂ ಇರುವುದಿಲ್ಲ. ಕಲಿಯುವ ಹಂತದಲ್ಲಿ ಇವರನ್ನು ಬಿಟ್ಟುಬಿಡಿ. ದೊಡ್ಡ ಕಾರಣಕ್ಕೆಂದು ತೆಗೆದ ಚಿತ್ರ ಕೂಡ ಎಷ್ಟು ತೊಡಕಿನದಾಗಬಹುದು ಎನ್ನುವುದಕ್ಕೆ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ‘ವಲಸೆಯ ತಾಯಿ’ ಚಿತ್ರದ ಕತೆ ಓದಬೇಕು. ಬಟಾಣಿ ಬಿಡಿಸುವ ಕೂಲಿಗಳ ಬಿಡಾರ, ಬೆಳೆ ಹಾಳಾಗಿ ಜನ ಹಸಿದಿದ್ದರು. ಚಿತ್ರ ಪತ್ರಿಕೆಗೆ ಮುಟ್ಟಿದ ಮೇಲೆ ಬಿಡಾರಕ್ಕೆ ಸರ್ಕಾರದಿಂದ ಆಹಾರ ಬಂತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಲೋಕದಲ್ಲೇ ಹೆಸರುವಾಸಿಯಾದ ಮುಖವೊಂದರ ಒಡತಿ 1978ರಲ್ಲಿ ಪತ್ತೆಯಾದಾಗ, ತನಗೆ ಅದರಿಂದ ಏನೂ ಸಿಗಲಿಲ್ಲವೆಂದು ನೊಂದುಕೊಂಡಿದ್ದರು. ಚಿತ್ರ ಒಳ್ಳೆಯದನ್ನೇ ಮಾಡಿತು, ಆಕೆಗೆ ಮಾತ್ರ ಮಾಡಲಿಲ್ಲ. ಹೆಸರು ಕೇಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಕಾನೂನಿನ ಪ್ರಶ್ನೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸಾರ್ವಜನಿಕ ರಸ್ತೆಯಲ್ಲಿ ಫೋಟೋ ತೆಗೆಯುವುದನ್ನೇ ಒಟ್ಟಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಎತ್ತಿಹಿಡಿಯಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮುಖ ಗುರುತು ಸಿಗುವ ಚಿತ್ರವನ್ನು ಜಾಹೀರಾತಿಗೆ ಕೊಡುವುದಾದರೆ ಬರಹದಲ್ಲಿ ಒಪ್ಪಿಗೆ ಬೇಕು. ರೈಲು ನಿಲ್ದಾಣ, ವಿಮಾನ ನಿಲ್ದಾಣ, ರಕ್ಷಣಾ ಇಲಾಖೆಯ ಜಾಗ, ದೇವಸ್ಥಾನದ ಒಳಭಾಗ ಇಲ್ಲೆಲ್ಲ ಮೊದಲು ಕೇಳಿಕೊಳ್ಳಿ. ಪರರ ಮಕ್ಕಳ ಚಿತ್ರವನ್ನು ಅಪ್ಪ ಅಮ್ಮನಿಗೆ ತಿಳಿಸದೆ ಇನ್‌ಸ್ಟಾಗ್ರಾಮಿಗೆ ಹಾಕುವುದು ನನ್ನ ತರಗತಿಯಲ್ಲಂತೂ ನಿಷಿದ್ಧ.

ಅಂದಹಾಗೆ, ಕೇಳಿ ನಿಲ್ಲಿಸಿದ್ದನ್ನು ತಾನಾಗಿ ಸಿಕ್ಕಿದ್ದು ಎಂದು ಹೇಳಬೇಡಿ. ರೊಬೇರ್ ದುವಾನೋ 1950ರಲ್ಲಿ ಪ್ಯಾರಿಸ್ಸಿನ ನಗರಸಭೆ ಕಟ್ಟಡದೆದುರು ತೆಗೆದ ಮುತ್ತಿಡುವ ಜೋಡಿಯ ಚಿತ್ರ ಪೋಸ್ಟರಾಗಿ ಲೋಕವೆಲ್ಲ ಸುತ್ತಿತು. ಅವರಿಬ್ಬರೂ ನಾಟಕ ಕಲಿಯುತ್ತಿದ್ದವರು, ಹೇಳಿ ಮಾಡಿಸಿದ್ದು ಎಂಬುದು 1990ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಹೊರಬಿತ್ತು. ಚಿತ್ರ ಆಗಲೂ ಚೆಂದವಾಗಿಯೇ ಇತ್ತು. ಅದನ್ನು ನಂಬಿ ಗೋಡೆಗೆ ಹಾಕಿಕೊಂಡವರಿಗೆ ಮಾತ್ರ ಪಿಚ್ಚೆನಿಸಿತು.

ಮನೆಗೆ ಬಂದ ಮೇಲಿನ ಕೆಲಸ ಅರ್ಧ ಕಲೆ. ತೆಗೆದ ದಿನವೇ ಆರಿಸಲು ಕೂರಬೇಡಿ. ಆ ದಿನ ಟೀ ಎಷ್ಟು ಚೆನ್ನಾಗಿತ್ತು, ಅಣ್ಣ ಎಷ್ಟು ಚೆನ್ನಾಗಿ ಮಾತಾಡಿದ ಎಂಬುದೆಲ್ಲ ಫೋಟೋದಲ್ಲಿ ಇದ್ದಂತೆ ನಿಮಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಗ್ಯಾರಿ ವಿನೋಗ್ರಾಂಡ್ ಎಂಬ ಅಮೆರಿಕದ ಬೀದಿ ಛಾಯಾಗ್ರಾಹಕ ಇದಕ್ಕಾಗಿಯೇ ತಾನು ತೆಗೆದ ಫಿಲ್ಮನ್ನು ತಿಂಗಳುಗಟ್ಟಲೆ ತೊಳೆಸದೆ ಇಡುತ್ತಿದ್ದ. 1984ರಲ್ಲಿ ಅವನು ತೀರಿಕೊಂಡಾಗ ಸುಮಾರು 2,500 ಸುರುಳಿಗಳು ತೊಳೆಯದೆಯೇ ಉಳಿದಿದ್ದವು. ಅಷ್ಟೊಂದು ಬೇಡ, ನಿಮಗೆ ಎರಡು ವಾರ ಸಾಕು. ಆಮೇಲೆ ನೂರರಲ್ಲಿ ಒಂದೆರಡು ಉಳಿದರೆ ಬೇಸರ ಪಡಬೇಡಿ, ದೊಡ್ಡವರಿಗೂ ಲೆಕ್ಕ ಹೆಚ್ಚುಕಡಿಮೆ ಹೀಗೇ.

ಉಳಿದದ್ದಕ್ಕೆ ತಾರೀಖು, ಜಾಗ, ಹೆಸರು, ಕಸುಬು ಬರೆದಿಡಿ. ‘ಹೂ ಮಾರುವವನು’ ಎಂದಲ್ಲ, ಅವರ ಹೆಸರು. ಹೊರಗೆ ಹೇಳಬೇಡಿ ಎಂದಿದ್ದರೆ ನಿಮ್ಮ ಪುಸ್ತಕದಲ್ಲಿ ಮಾತ್ರ. ವರ್ಷಗಳು ಕಳೆದ ಮೇಲೆ ಆ ಮೂಲೆಯಲ್ಲಿ ಟೀ ಅಂಗಡಿ ಇರುವುದಿಲ್ಲ, ಮೇಲ್ಸೇತುವೆಯ ಕಂಬ ಇರುತ್ತದೆ. ಆಗ ನಿಮ್ಮ ಚಿತ್ರ ಎಲ್ಲಿಯದು, ಯಾರದು ಎಂದು ಹೇಳಲು ಈ ಬರಹ ಬೇಕಾಗುತ್ತದೆ.

ಕೊನೆಯದಾಗಿ ಪ್ರಿಂಟು. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು ಗುಡ್ ಮಾರ್ನಿಂಗ್ ಚಿತ್ರಗಳ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಸ್ಟುಡಿಯೋದಲ್ಲಿ 4×6 ಅಳತೆಯ ಪ್ರಿಂಟು ಹಾಕಿಸಿ ಕೈಗೆ ಕೊಡಿ. ಹೂ ಕಟ್ಟುವ ಅಣ್ಣ ಅಟೆನ್ಷನ್ನಿನಲ್ಲಿ ನಿಂತ ಫೋಟೋವನ್ನೂ ಸೇರಿಸಿ ಕೊಡಿ. ಮನೆಯಲ್ಲಿ ಕಟ್ಟು ಹಾಕಿಸುವುದು ಅದನ್ನೇ, ನಿಮ್ಮ ಕಲಾಕೃತಿಯನ್ನಲ್ಲ. ಕೊಡಲು ಹೋಗುವಾಗ ಕ್ಯಾಮೆರಾವೂ ಜೊತೆಗಿರಲಿ, ಪಕ್ಕದ ತಳ್ಳುಗಾಡಿಯವರು “ನಮ್ದ್ಯಾವಾಗ ಸಾರ್?” ಎಂದು ಕೇಳೇ ಕೇಳುತ್ತಾರೆ.